ಸ್ಪೋರ್ಟ್ಸ್ ವಾಚಿಗೆ ಪ್ರೈವಸಿ ಗ್ಲಾಸ್: ಮೆಟ್ರೊದಲ್ಲಿ ಒಂದು ಕಥೆ, ಓಟದಲ್ಲಿ ಇನ್ನೊಂದು

ಪಕ್ಕದವರಿಗೆ ಪರದೆ ಕಾಣದಂತೆ ಮರೆ ಮಾಡುವ ಪ್ರೈವಸಿ ಗ್ಲಾಸ್ ನನ್ನ ವಾಚಿಗೆ ಯಾಕೆ ಬೇಕಾಯ್ತು ಅಂತ ಮೊದಲು ಹೇಳಿಬಿಡುತ್ತೇನೆ. ನಾನು ದಿನಾ ನೇರಳೆ ಮಾರ್ಗದ ಮೆಟ್ರೊದಲ್ಲಿ ಆಫೀಸಿಗೆ ಹೋಗುವವನು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕೂರಲು ಜಾಗ ಸಿಗುವುದಿಲ್ಲ. ಮೇಲಿನ ಹಿಡಿಕೆ ಹಿಡಿದು ನಿಂತರೆ ಎಡಗೈಯ ವಾಚು ಎಲ್ಲರ ಕಣ್ಣಿಗೆ ಬೀಳುವ ಜಾಗಕ್ಕೆ ಬರುತ್ತದೆ. ಒಂದು ದಿನ ಹಾಸನದಿಂದ ಅಕ್ಕ ಮೆಸೇಜ್ ಹಾಕಿದಳು: "ಅಮ್ಮಂದು ಎಚ್‌ಬಿಎ1ಸಿ 9.2 ಬಂದಿದೆ ಕಣೋ, ಇನ್ಸುಲಿನ್ ಶುರು ಮಾಡೋಣ ಅಂದ್ರು ಡಾಕ್ಟ್ರು." ನಾನು ತಲೆ ಎತ್ತಿ ಓದಿ ಮುಗಿಸುವಷ್ಟರಲ್ಲಿ ಪಕ್ಕದಲ್ಲಿ ನಿಂತವರು, "ನಮ್ಮ ತಾಯಿಗೂ ಹೀಗೇ ಇತ್ತು ಸರ್, ಮೆಂತ್ಯ ನೆನೆಸಿ ಕೊಡಿ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅಮ್ಮ ತನಗೆ ಸಕ್ಕರೆ ಕಾಯಿಲೆ ಇದೆ ಅಂತ ಎದುರುಮನೆಯವರಿಗೂ ಹೇಳಿಲ್ಲ. ನನ್ನ ಕೈಯಿಂದ ಅದು ಅಪರಿಚಿತರೊಬ್ಬರ ಕಿವಿಗೆ ಹೋದ ಹಾಗಾಯಿತು. ಇಡೀ ದಿನ ಮನಸ್ಸು ಸರಿ ಇರಲಿಲ್ಲ.

ಅದೇ ವಾರ ಪ್ರೈವಸಿ ಗ್ಲಾಸ್ ಹುಡುಕಲು ಶುರು ಮಾಡಿದೆ. ಎರಡು ತಿಂಗಳಲ್ಲಿ ಮೂರು ಥರದ್ದು ಹಾಕಿ ನೋಡಿದ್ದೇನೆ. ನನ್ನದು ಗಾರ್ಮಿನ್ ಫೋರ್‌ರನ್ನರ್ 265. ದುಂಡು ಮುಖ, 1.3 ಇಂಚಿನ ಅಮೊಲೆಡ್ ಪರದೆ. ಅಂದರೆ ಪರದೆಯೇ ಬೆಳಕು ಕೊಡುತ್ತದೆ. ಈ ವಿಷಯ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಪ್ರೈವಸಿ ಗ್ಲಾಸ್ ಕೆಲಸ ಮಾಡುವ ರೀತಿ ಸರಳ. ಹಳೇ ಕಾಲದ ಮನೆಗಳ ಕಿಟಕಿಗೆ ಮರದ ಪಟ್ಟಿಗಳನ್ನು ಸಾಲಾಗಿ ಜೋಡಿಸಿರುತ್ತಾರಲ್ವಾ? ನೇರ ನಿಂತರೆ ಸಂದಿಯಿಂದ ಕಾಣುತ್ತದೆ, ಓರೆಯಾಗಿ ನಿಂತರೆ ಬರೀ ಪಟ್ಟಿ ಕಾಣುತ್ತದೆ. ಗಾಜಿನ ಒಳಗೂ ಅಂಥದ್ದೇ ಕಪ್ಪು ಪಟ್ಟಿಗಳಿರುತ್ತವೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಸಾಮಾನ್ಯವಾಗಿ ನೇರ ನೋಟದಿಂದ ಆ ಕಡೆ 30, ಈ ಕಡೆ 30 ಡಿಗ್ರಿ ದಾಟಿದರೆ ಪರದೆ ಕಪ್ಪಾಗುತ್ತದೆ. ಪಟ್ಟಿ ಒಂದೇ ದಿಕ್ಕಿಗಿದ್ದರೆ ಎರಡು ಕಡೆಯಿಂದ ಮರೆ. ಅಡ್ಡ ಉದ್ದ ಎರಡೂ ಪದರ ಇದ್ದರೆ ನಾಲ್ಕೂ ಕಡೆಯಿಂದ ಮರೆ.

ಮೊದಲು ತರಿಸಿದ್ದು ಎಲ್ಲಕ್ಕಿಂತ ಅಗ್ಗದ್ದು, 149 ರೂಪಾಯಿ. ಅದರ ಬಗ್ಗೆ ಜಾಸ್ತಿ ಬರೆಯುವುದೇನಿಲ್ಲ. ಅದರಲ್ಲಿ ಪಟ್ಟಿಯೇ ಇರಲಿಲ್ಲ, ಸುಮ್ನೆ ಕಪ್ಪು ಛಾಯೆಯ ಪ್ಲಾಸ್ಟಿಕ್. ಪಕ್ಕದವರಿಗೂ ನನಗೂ ಒಂದೇ ಥರ ಮಂಕಾಗಿ ಕಾಣುತ್ತಿತ್ತು. ನೀವು ತರಿಸಿದ್ದು ಅಸಲಿಯೋ ಅಂತ ತಿಳಿಯಲು ಅಂಟಿಸಬೇಕಾಗಿಯೇ ಇಲ್ಲ. ಉರಿಯುವ ಫೋನಿನ ಪರದೆ ಮೇಲಿಟ್ಟು ನಿಧಾನವಾಗಿ ಓರೆ ಮಾಡಿ ನೋಡಿ. ಒಂದು ಹಂತ ದಾಟಿದ ಮೇಲೆ ಕಪ್ಪಾಗದಿದ್ದರೆ ವಾಪಸ್ ಕಳಿಸಿ.

ಎರಡನೆಯದು ಎರಡು ಕಡೆ ಮರೆಯ ಟೆಂಪರ್ಡ್ ಗ್ಲಾಸ್, 449 ರೂಪಾಯಿ. ಇದರ ಜೊತೆಗೇ ನಾನು ಹೆಚ್ಚು ದಿನ ಕಳೆದದ್ದು. ದುಂಡು ಗಾಜಿನಲ್ಲಿ ಒಂದು ದೊಡ್ಡ ಅನುಕೂಲ ಇದೆ: ಬೇಕಾದ ಹಾಗೆ ತಿರುಗಿಸಿ ಅಂಟಿಸಬಹುದು. ಫೋನಿನ ಗಾಜಿಗೆ ಈ ಅವಕಾಶ ಇಲ್ಲ. ಹಾಗಾಗಿ ಅಂಟಿನ ಹಾಳೆ ಸುಲಿಯುವ ಮೊದಲು ಊಟದ ಮೇಜಿನ ಮೇಲೆ ಕೂತು ಪರೀಕ್ಷೆ ಮಾಡಿದೆ. ಮಗಳನ್ನು ಬಲಗಡೆ ಕೂರಿಸಿದೆ. ನಾನು ವಾಚಿನ ಮೇಲೆ ಗಾಜನ್ನು ಚೂರು ಚೂರೇ ತಿರುಗಿಸುವುದು, ಅವಳು "ಕಾಣ್ತಿದೆ ಅಪ್ಪ, ಕಾಣ್ತಿದೆ, ಹಾಂ ಈಗ ಹೋಯ್ತು" ಅನ್ನುವುದು. ಪಟ್ಟಿಗಳು 12ರಿಂದ 6ರ ಕಡೆಗೆ ನಿಂತಾಗ ಅವಳಿಗೆ ಏನೂ ಕಾಣಲಿಲ್ಲ. ಗಾಜಿನ ಅಂಚಿಗೆ ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿ, ಆ ಗುರುತು 12ಕ್ಕೆ ಬರುವಂತೆ ಅಂಟಿಸಿದೆ. (ಅಂಟಿಸುವ ಕೆಲಸವನ್ನು ಬಚ್ಚಲುಮನೆಯಲ್ಲಿ, ಬಿಸಿನೀರು ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ ಮಾಡಿ. ಹಬೆಗೆ ಧೂಳು ಕೂತಿರುತ್ತದೆ, ಗಾಜಿನ ಕೆಳಗೆ ಸೇರುವುದಿಲ್ಲ.)

ಮೆಟ್ರೊದಲ್ಲಿ ಸೀಟು ಸಿಕ್ಕ ದಿನ ಇದು ಬಹಳ ಚೆನ್ನಾಗಿ ಕೆಲಸ ಮಾಡಿತು. ಕೈಯನ್ನು ಎದೆಯ ಮುಂದೆ ಅಡ್ಡ ಹಿಡಿದರೆ ಎಡಗಡೆಯವರು 9ರ ಕಡೆಯಿಂದ ನೋಡುತ್ತಾರೆ, ಬಲಗಡೆಯವರು 3ರ ಕಡೆಯಿಂದ. ಇಬ್ಬರಿಗೂ ಕಪ್ಪು. ನನಗೆ ಸ್ಪಷ್ಟ.

ಆದರೆ ನನಗೆ ಏಟು ಬಿದ್ದಿದ್ದು ಹಿಡಿಕೆ ಹಿಡಿದು ನಿಂತಾಗ ಅಲ್ವಾ? ಅಲ್ಲಿ ಇದು ಕೈಕೊಟ್ಟಿತು. ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಕಾರಣ ಹೊಳೆಯಿತು. ಕೈ ಮೇಲೆತ್ತಿದಾಗ ವಾಚು ಅಡ್ಡ ತಿರುಗುತ್ತದೆ. 3 ಮೇಲಕ್ಕೆ, 9 ಕೆಳಕ್ಕೆ. 12 ಮತ್ತು 6 ಅಕ್ಕಪಕ್ಕದವರ ಕಡೆಗೆ ಮುಖ ಮಾಡುತ್ತವೆ. ಗಾಜು ತೆರೆದಿರುವುದು ಅದೇ ದಿಕ್ಕಿಗೆ! ಪಕ್ಕದವರಿಗೆ ಮೊದಲಿನಷ್ಟೇ ಚೆನ್ನಾಗಿ ಕಾಣುತ್ತದೆ. ಮರೆ ಆಗುವುದು ಕೆಳಗಿನಿಂದ ನೋಡುವವರಿಗೆ, ಅಂದರೆ ಹತ್ತಿರ ನಿಂತ ನನಗೇ.

ಇನ್ನು ಓಟ. ಭಾನುವಾರ ಕಬ್ಬನ್ ಪಾರ್ಕಿನ ಒಳರಸ್ತೆಗಳಲ್ಲಿ ವಾಹನ ಬಿಡುವುದಿಲ್ಲ, ನಮ್ಮಂಥ ಓಟಗಾರರಿಗೆ ಅದೇ ಹಬ್ಬ. ಅವತ್ತು ನಿಧಾನದ ಹತ್ತು ಕಿಲೋಮೀಟರ್, ಹಾರ್ಟ್ ರೇಟ್ 145 ದಾಟಬಾರದು ಅಂತ ಲೆಕ್ಕ. ನಾಲ್ಕನೇ ಕಿಲೋಮೀಟರಿನಲ್ಲಿ ಬಿದಿರಿನ ಮೆಳೆಯ ಹತ್ತಿರ ಎಂದಿನಂತೆ ಕಣ್ಣಷ್ಟೇ ಕೆಳಗೆ ಹಾಯಿಸಿದೆ. ಮಣಿಕಟ್ಟಿನ ಮೇಲೆ ಒಂದು ಕಪ್ಪು ಬಿಲ್ಲೆ ಇದೆ, ಅಂಕಿ ಇಲ್ಲ. ವಾಚು ಆಫ್ ಆಯ್ತೇನೋ ಅಂತ ಎದೆ ಧಸಕ್ಕೆಂದಿತು. ಕೈಯನ್ನು ಪೂರ್ತಿ ಅಡ್ಡ ತಂದು ಮುಖದ ಎದುರು ಹಿಡಿದಾಗ ಕಂಡಿತು: 152. ಓಡುವಾಗ ಯಾರೂ ಕೈಯನ್ನು ಎದೆಗೆ ಅಡ್ಡ ತರುವುದಿಲ್ಲ. ಮುಂಗೈ ಮುಂದಕ್ಕೇ ಚಾಚಿರುತ್ತದೆ, ನಾವು ನೋಡುವುದು ಮೊಣಕೈ ಕಡೆಯಿಂದ, ಅಂದರೆ 9ರ ಓರೆಯಿಂದ. ಗಾಜು ಮುಚ್ಚುವುದು ಅದನ್ನೇ. ಪ್ರತಿ ಸಲ ಕೈ ಎಳೆದು ನೋಡಿದರೆ ಭುಜದ ಲಯ ಕೆಡುತ್ತದೆ, ಉಸಿರಿನ ಲಯವೂ ಕೆಡುತ್ತದೆ. ಸೈಕಲ್ಲಿನಲ್ಲಂತೂ ಹ್ಯಾಂಡಲ್ ಬಿಟ್ಟು ನೋಡಬೇಕಾಗುತ್ತದೆ. ಅದು ಅಪಾಯ, ದಯವಿಟ್ಟು ಮಾಡಬೇಡಿ.

ಇನ್ನೊಂದು ಗಾಜು ತರಿಸಿ ಪಟ್ಟಿ 3ರಿಂದ 9ರ ಕಡೆಗೆ ಬರುವಂತೆಯೂ ಹಾಕಿದೆ. ಓಟದಲ್ಲಿ ಪರವಾಗಿಲ್ಲ, ಹಿಡಿಕೆ ಹಿಡಿದಾಗಲೂ ಪಕ್ಕದವರಿಗೆ ಮರೆ. ಆದರೆ ಕೂತಾಗ ಇಬ್ಬರಿಗೂ ಕಾಣುತ್ತದೆ. ಜೊತೆಗೆ ಮಣಿಕಟ್ಟು ಸ್ವಲ್ಪ ಕಡಿಮೆ ತಿರುಗಿಸಿದರೂ ನನಗೇ ಕಪ್ಪು. ಮೇಜಿನ ಮೇಲೆ ಕೈ ಇಟ್ಟುಕೊಂಡು ಟೈಮ್ ನೋಡಲೂ ಕೈ ಎತ್ತಬೇಕು.

ಮೂರನೆಯದು ನಾಲ್ಕೂ ಕಡೆ ಮರೆಯ ಮೆತ್ತನೆಯ ಫಿಲ್ಮ್. ಎರಡರ ಪ್ಯಾಕಿಗೆ 399. ಗುಟ್ಟು ಕಾಪಾಡುವ ಕೆಲಸದಲ್ಲಿ ಇದನ್ನು ಮೀರಿಸಿದ್ದಿಲ್ಲ. ಮೆಟ್ರೊದಲ್ಲಿ ಯಾವ ಕಡೆ ತಿರುಗಿಸಿದರೂ ಯಾರಿಗೂ ಏನೂ ಕಾಣದು. ಆದರೆ ಎರಡು ಪದರ ದಾಟುವಷ್ಟರಲ್ಲಿ ಬೆಳಕು ಬಹಳ ಇಂಗಿಹೋಗುತ್ತದೆ. ಹನ್ನೊಂದು ಗಂಟೆ ಬಿಸಿಲಲ್ಲಿ ಬ್ರೈಟ್‌ನೆಸ್ ಪೂರ್ತಿ ಏರಿಸಿದರೂ ಸಣ್ಣ ಅಂಕಿ ಓದಲಾಗಲಿಲ್ಲ. ಏರಿಸಿದ್ದಕ್ಕೆ ಬ್ಯಾಟರಿಯೂ ಬೇಗ ಇಳಿಯಿತು. ಮೊದಲು ವಾರಕ್ಕೊಮ್ಮೆ ಚಾರ್ಜ್ ಮಾಡುತ್ತಿದ್ದವನು ನಾಲ್ಕು ದಿನಕ್ಕೊಮ್ಮೆ ಮಾಡಬೇಕಾಯಿತು. ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿದರೆ ಮಳೆಬಿಲ್ಲಿನ ಥರ ಬಣ್ಣದ ಕಲೆಗಳು ಬೇರೆ. ಬೆವರಿಗೆ ಹತ್ತೇ ದಿನದಲ್ಲಿ ಅಂಚು ಎದ್ದಿತು.

ಗೆಳೆಯನೊಬ್ಬ ಉಳಿದ ಎರಡನೇ ಫಿಲ್ಮನ್ನು ಕತ್ತರಿಸಿ ತನ್ನ ಫೋರ್‌ರನ್ನರ್ 255ಕ್ಕೆ ಹಾಕಿದ. ಆ ಮಾಡೆಲಿನದು ಅಮೊಲೆಡ್ ಅಲ್ಲ, ಹೊರಗಿನ ಬೆಳಕನ್ನೇ ಹಿಂದಕ್ಕೆ ಕಳಿಸಿ ತೋರಿಸುವ ಎಂಐಪಿ ಪರದೆ. ಬಿಸಿಲು ಜಾಸ್ತಿಯಾದಷ್ಟೂ ಚೆನ್ನಾಗಿ ಕಾಣುವುದು ಅದರ ಗುಣ. ಫಿಲ್ಮ್ ಹಾಕಿದ ಮೇಲೆ ಆ ಗುಣವೇ ಹೋಯಿತು. ಬೆಳಕು ಪಟ್ಟಿಗಳನ್ನು ದಾಟಿ ಒಳಗೆ ಹೋಗಬೇಕು, ಮತ್ತೆ ದಾಟಿ ಹೊರಗೆ ಬರಬೇಕು. ಎರಡು ಸಲ ಸುಂಕ ಕಟ್ಟಿದ ಹಾಗೆ. ಹಗಲಲ್ಲೂ ಬ್ಯಾಕ್‌ಲೈಟ್ ಒತ್ತಿ ನೋಡುವಂತಾಯಿತು. ಎಂಐಪಿ ಪರದೆಯ ವಾಚು ಇರುವವರು ಪ್ರೈವಸಿ ಗ್ಲಾಸಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಇದನ್ನು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಅಮೊಲೆಡ್ ಇದ್ದು, ವಾಚಿನಲ್ಲಿ ಬರೀ ನಡಿಗೆ, ನಿದ್ದೆ, ಮೆಸೇಜ್ ನೋಡುವವರಾದರೆ, ಜಾಸ್ತಿ ಹೊತ್ತು ಕೂತೇ ಕೆಲಸ ಮಾಡುವವರಾದರೆ, ಎರಡು ಕಡೆ ಮರೆಯ ಗ್ಲಾಸ್ ತಗೊಳ್ಳಿ, ಪಟ್ಟಿ 12ರಿಂದ 6ಕ್ಕೆ. ಮೀಟಿಂಗಿನಲ್ಲಿ, ಬಸ್ಸಿನ ಸೀಟಿನಲ್ಲಿ ನೆಮ್ಮದಿ. ವಾಚು ನೋಡಿಕೊಂಡು ಓಡುವವರಿಗೆ ಮೂರರಲ್ಲಿ ಯಾವುದೂ ಬೇಡ.

ಹಾಗಾದರೆ ನಾನೇನು ಮಾಡಿದೆ? ಎಲ್ಲ ಕಿತ್ತು ಸಾದಾ ಪಾರದರ್ಶಕ ಗ್ಲಾಸ್ ಹಾಕಿದೆ. ಗೀರು ಬೀಳದಿದ್ದರೆ ಸಾಕು. ಮರೆ ಮಾಡುವ ಕೆಲಸವನ್ನು ಸೆಟ್ಟಿಂಗಿಗೆ ಬಿಟ್ಟೆ. ವಾಚಿನ ನೋಟಿಫಿಕೇಶನ್ ಸೆಟ್ಟಿಂಗಿನಲ್ಲಿ ಪ್ರೈವಸಿ ಅಂತ ಒಂದು ಆಯ್ಕೆ ಇದೆ. ಅದನ್ನು ಆನ್ ಮಾಡಿದರೆ ಮೆಸೇಜ್ ಬಂದಿದೆ ಅಂತಷ್ಟೇ ತಿಳಿಯುತ್ತದೆ, ಒಳಗೆ ಏನಿದೆ ಅಂತ ನಾನಾಗಿ ತೆರೆಯುವ ತನಕ ಕಾಣುವುದಿಲ್ಲ. ಓಡುವ ಹೊತ್ತಿಗೆ ಬೇರೆ ಸೆಟ್ಟಿಂಗ್ ಇಡಬಹುದು. ನಾನು ಆಗ ಕರೆ ಮಾತ್ರ ಬಿಟ್ಟುಕೊಂಡಿದ್ದೇನೆ. ಬ್ಯಾಂಕಿನ ಒಟಿಪಿ ಬರುವ ಮೆಸೇಜ್ ಆ್ಯಪನ್ನು ವಾಚಿಗೆ ಬರದಂತೆ ಫೋನಿನಲ್ಲೇ ತಡೆದಿದ್ದೇನೆ. ಇದಕ್ಕೆಲ್ಲ ಸೇರಿ ಹತ್ತು ನಿಮಿಷ ಹಿಡಿಯಿತು, ದುಡ್ಡು ಖರ್ಚಾಗಲಿಲ್ಲ. ಗಾಜು ಕೊಳ್ಳುವ ಮೊದಲೇ ಇದನ್ನು ಹುಡುಕಬೇಕಿತ್ತು.

ಹೋದ ಗುರುವಾರ ಮತ್ತೆ ಅದೇ ರೈಲು, ಅದೇ ಹಿಡಿಕೆ. ಕೈ ಗುಂಯ್ ಅಂತ ನಡುಗಿತು. ಪರದೆಯ ಮೇಲೆ ಮೆಸೇಜ್ ಬಂದ ಗುರುತು ಬಿಟ್ಟರೆ ಏನೂ ಇರಲಿಲ್ಲ. ವಿಧಾನಸೌಧ ನಿಲ್ದಾಣದಲ್ಲಿ ಇಳಿದು, ಗೋಡೆ ಪಕ್ಕ ನಿಂತು ಬಟನ್ ಒತ್ತಿ ಓದಿದೆ: "ಅಮ್ಮ ಇವತ್ತು ತಾನೇ ಇಂಜೆಕ್ಷನ್ ಚುಚ್ಚಿಕೊಂಡಳು. ಹೆದರಲಿಲ್ಲ."