ಶುಗರ್ ಸೆನ್ಸರ್ ‘ಸೆಟ್’ ಮಾಡಿಕೊಡ್ತೇವೆ ಅಂತ ಬರುವವರಿದ್ದಾರೆ, ಹುಷಾರು

ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ ಕಡೆಯವರ ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರಿದ್ದರೆ ದಯವಿಟ್ಟು ಓದಿ.

ನಮ್ಮ ಅಪ್ಪಯ್ಯನ ತೋಳಿಗೆ, ಶುಗರ್ ಎಷ್ಟಿದೆ ಅಂತ ಆಗಾಗ ಅಳೆದು ಮೊಬೈಲಿನಲ್ಲಿ ತೋರಿಸುವ ಸೆನ್ಸರ್ ಹಾಕಿಸಿದ್ದೆವು. ಮಾರಿದವನೇ ಮನೆಗೆ ಬಂದು, ರೀಡಿಂಗ್ ನೂರಕ್ಕೆ ನೂರು ಸರಿ ಬರೋ ಹಾಗೆ ಮಾಡಿಕೊಡ್ತೇನೆ ಅಂತ ಕಂಪನಿಯದಲ್ಲದ ಬೇರೊಂದು ಆಪ್ ಹಾಕಿದ. ಅದಕ್ಕೆ ಬೇರೆ ದುಡ್ಡು. ಅವನು ಬಂದಿದ್ದು ಮಧ್ಯಾಹ್ನ. ಅಪ್ಪಯ್ಯ ಊಟ ಮುಗಿಸಿ, ಮೇಲಿಂದ ಹಲಸಿನ ತೊಳೆ ತಿಂದು, ಕೈಯನ್ನು ಬೈರಾಸಿಗೆ ಒರೆಸಿಕೊಳ್ಳುತ್ತಾ ಜಗಲಿಗೆ ಬಂದಿದ್ದರು. ಅದೇ ಬೆರಳು ಚುಚ್ಚಿದ. ಗ್ಲುಕೋಮೀಟರಲ್ಲಿ 205, ಸೆನ್ಸರಲ್ಲಿ 150. "ನೋಡಿ, ಸೆನ್ಸರ್ ಕಡಿಮೆ ತೋರಿಸ್ತಾ ಇದೆ" ಅಂತ ಆಪಿಗೆ 205 ತುಂಬಿದ. "ಇನ್ನು ಬೆರಳು ಚುಚ್ಚೋದೇ ಬೇಡ ಯಜಮಾನ್ರೇ" ಅಂದು ಬೈಕ್ ಹತ್ತಿದ.

ಅಲ್ಲಿಂದ ಆಪ್ ಪ್ರತಿ ಸಲ ಐವತ್ತು ಚಿಲ್ಲರೆ ಸೇರಿಸಿಯೇ ತೋರಿಸತೊಡಗಿತು. ಒಂದು ರಾತ್ರಿ ಅಪ್ಪಯ್ಯ ಬೆವೆತು, ಕೈ ನಡುಗಿ, ಮಾತು ತೊದಲುತ್ತಿದ್ದಾಗ ಮೊಬೈಲಿನಲ್ಲಿ ಇದ್ದದ್ದು 112. ಅಮ್ಮ ಅದನ್ನು ನಂಬದೆ ಬೆರಳು ಚುಚ್ಚಿದರು: 58. 70ಕ್ಕೆ ಇಳಿದರೆ ಕೂಗಬೇಕಿದ್ದ ಅಲಾರಂ ಸುಮ್ಮನಿತ್ತು. ಸಕ್ಕರೆ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿದ ಮೇಲೆಯೇ ನಮಗೆ ಉಸಿರು ಬಂದದ್ದು.

ಡಾಕ್ಟರು ಬಿಡಿಸಿ ಹೇಳಿದರು. ಸೆನ್ಸರ್ ಅಳೆಯುವುದು ರಕ್ತವನ್ನಲ್ಲ, ಚರ್ಮದ ಕೆಳಗೆ ಜೀವಕೋಶಗಳ ನಡುವಿನ ದ್ರವವನ್ನು. ಅಲ್ಲಿಗೆ ಸಕ್ಕರೆ ತಲುಪುವುದು ಐದರಿಂದ ಹದಿನೈದು ನಿಮಿಷ ತಡವಾಗಿ. ಊಟದ ಮೇಲೆ ಶುಗರ್ ಏರುತ್ತಿರುವಾಗ ರಕ್ತದ ಅಂಕಿ ಮುಂದೆ, ಸೆನ್ಸರಿನದು ಹಿಂದೆ. ಇದು ಸೆನ್ಸರಿನ ತಪ್ಪಲ್ಲ. ಸಾಲದ್ದಕ್ಕೆ ಹಣ್ಣು ಮುಟ್ಟಿದ ಬೆರಳು. ಸೋಪಿನಲ್ಲಿ ತೊಳೆದು ಒಣಗಿಸದಿದ್ದರೆ ಆ ಸಿಹಿಯೂ ರಕ್ತದ ಹನಿಗೆ ಸೇರುತ್ತದೆ. ಹೋಲಿಸಿ ನೋಡುವುದಿದ್ದರೆ ಊಟಕ್ಕೆ ಮುಂಚೆ, ಆಪಿನಲ್ಲಿ ಬಾಣದ ಗುರುತು ಅಡ್ಡಕ್ಕೆ ಇರುವಾಗ, ಅಂದರೆ ಶುಗರ್ ಏರದೆ ಇಳಿಯದೆ ಇರುವಾಗ ನೋಡಬೇಕು. ಹಾಕಿದ ಮೊದಲ ದಿನದ ಅಂಕಿಗಳ ಮೇಲೆ ತೀರ್ಮಾನ ಬೇಡ.

ಎಷ್ಟೋ ಸೆನ್ಸರ್‌ಗಳು ಕಾರ್ಖಾನೆಯಲ್ಲೇ ಹೊಂದಿಸಿ ಬರುತ್ತವೆ, ನಾವು ತಿದ್ದುವ ಅವಕಾಶವೇ ಇರುವುದಿಲ್ಲ. ಅವಕಾಶ ಇರುವಂಥದ್ದಾದರೆ ಕಂಪನಿಯ ಆಪಿನಲ್ಲೇ, ಅವರ ಪುಸ್ತಿಕೆಯಲ್ಲಿ ಹೇಳಿದ ಹಾಗೇ ಮಾಡಿ. ನೂರಕ್ಕೆ ನೂರು ಅನ್ನುವುದಂತೂ ಬರೀ ಬುರುಡೆ. ಒಳ್ಳೆಯ ಸೆನ್ಸರಿನಲ್ಲೂ ಸರಾಸರಿ ಶೇ. 8–10ರಷ್ಟು ವ್ಯತ್ಯಾಸ ಇದ್ದೇ ಇರುತ್ತದೆ.

ಅಪ್ಪಯ್ಯನಿಗೆ ಆದದ್ದರ ಉಲ್ಟಾ ಕೂಡ ಆಗುತ್ತದೆ. ಸೆನ್ಸರ್ ಇರುವ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಒತ್ತಡಕ್ಕೆ ಶುಗರ್ ಇಳಿದಿದೆ ಅಂತ ಸುಳ್ಳೇ ತೋರಿಸಿ ಅಲಾರಂ ಹೊಡೆಯಬಹುದು. ಕೆಲವು ಸೆನ್ಸರ್‌ಗಳಲ್ಲಿ ಹೆಚ್ಚು ಪವರಿನ ವಿಟಮಿನ್ ಸಿ ಮಾತ್ರೆ ಅಂಕಿಯನ್ನು ಏರಿಸುತ್ತದೆ.

ಸೆನ್ಸರ್ ಮಾರಿದವನಿಗೆ ಫೋನ್ ಮಾಡಿದರೆ, "ನಿಮ್ಮ ಮೊಬೈಲೇ ಸರಿ ಇಲ್ಲ" ಅಂದ. ದುಡ್ಡು ವಾಪಸ್ ಬಂದಿಲ್ಲ, ಬಿಲ್ ಕೊಟ್ಟೇ ಇರಲಿಲ್ಲವಲ್ಲ. ಆ ಆಪ್ ತೆಗೆದು ಕಂಪನಿಯದ್ದೇ ಹಾಕಿದ್ದೇವೆ. ಗ್ಲುಕೋಮೀಟರ್, ಸ್ಟ್ರಿಪ್ ಅಪ್ಪಯ್ಯನ ತಲೆದಿಂಬಿನ ಪಕ್ಕವೇ ಇರುತ್ತವೆ. ಮೈ ಒಂದು ಹೇಳಿ ಮೊಬೈಲ್ ಇನ್ನೊಂದು ಹೇಳಿದರೆ ಮೊದಲು ಕೈ ತೊಳೆದು ಬೆರಳು ಚುಚ್ಚಿ. ಕೈ ತೊಳೆಯುವಷ್ಟೂ ತ್ರಾಣ ಇಲ್ಲದಿದ್ದರೆ ಮೊದಲು ಸಕ್ಕರೆ ಬಾಯಿಗೆ ಹಾಕಿ.