ಬೀದರ್–ಕಲಬುರಗಿ ಡೆಮು ರೈಲು: ನನ್ನ ಕಡೆಯಿಂದ ಐದಕ್ಕೆ ನಾಲ್ಕು

ನಾನು ಹುಮನಾಬಾದಿನಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅಸ್ತರ್, ಲೇಸು, ದಾರದ ರೀಲು ತರಲು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿಗೇ ಹೋಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಫ್ರೀ. ಆದರೂ ಮಾಲು ತರುವ ದಿನ ನಾನು ದುಡ್ಡು ಕೊಟ್ಟು ರೈಲು ಹತ್ತುತ್ತೇನೆ. ಬಸ್ಸಿನಲ್ಲಿ ಗಂಟನ್ನು ಕಾಲಡಿ ಇಟ್ಟರೆ ಪಕ್ಕದವರಿಗೆ ಕಷ್ಟ, ತೊಡೆ ಮೇಲೆ ಇಟ್ಟುಕೊಂಡರೆ ನನಗೆ ಕಷ್ಟ. ಡೆಮು ಅಂದ್ರೆ ಡೀಸೆಲ್ ಪ್ಯಾಸೆಂಜರ್ ರೈಲು, ಅದರ ಬೋಗಿಯ ಬಾಗಿಲು ಅಗಲ. ಗಂಟು ಒಳಗೆಳೆದು ಮೂಲೆಗೆ ಒರಗಿಸಿದರೆ ಆಯ್ತು, ಕಲಬುರಗಿವರೆಗೆ ಚಿಂತೆಯಿಲ್ಲ. ಮರಗುತ್ತಿ ಹತ್ತಿರದ ಉದ್ದನೆಯ ಸುರಂಗ ಬಂದಾಗ ಮಕ್ಕಳು ಕೂಗೋದು ಕೇಳೋಕೆ ಚೆಂದ.

ಈ ಹಳಿ ಸುಮ್ನೆ ಬಂದದ್ದಲ್ಲ. 110 ಕಿ.ಮೀ. ಮಾರ್ಗ ಮಂಜೂರಾದದ್ದು 1990ರ ದಶಕದಲ್ಲಿ. ಪ್ರಧಾನಿ ಮೋದಿ ಬೀದರಿಗೆ ಬಂದು ಉದ್ಘಾಟಿಸಿದ್ದು 2017ರ ಅಕ್ಟೋಬರ್ 29ರಂದು. ಅಷ್ಟರಲ್ಲಿ ಸುಮಾರು 370 ಕೋಟಿಯ ಅಂದಾಜು 1,542 ಕೋಟಿ ಮುಟ್ಟಿತ್ತು. ಅಲ್ಲಿವರೆಗೆ ಬೀದರಿನಿಂದ ಕಲಬುರಗಿಗೆ ರೈಲಲ್ಲಿ ಬರಬೇಕಂದ್ರೆ ವಿಕಾರಾಬಾದ್ ಸುತ್ತಿ ಬರಬೇಕಿತ್ತು. ಪಕ್ಕದ ಜಿಲ್ಲೆಗೆ ಹೋಗಲು ಪಕ್ಕದ ರಾಜ್ಯ! ಕೆಲಸ ತಡವಾದಷ್ಟೂ ಖರ್ಚು ಬೆಳೆಯುತ್ತದೆ, ಅದರ ಭಾರ ಬೀಳುವುದು ನಮ್ಮ ಮೇಲೇ ಅಲ್ವಾ?

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ನಮ್ಮ ಭಾಗಕ್ಕೆ ಅಭಿವೃದ್ಧಿ ಮಂಡಳಿ ಬಂತು, 2019ರಲ್ಲಿ ಕಲಬುರಗಿಗೆ ವಿಮಾನ ನಿಲ್ದಾಣವೂ ಬಂತು. ಬೇಡ ಅನ್ನುವುದಿಲ್ಲ. ಆದರೆ ಸಣ್ಣ ವ್ಯಾಪಾರದವರ ಕೈಯಲ್ಲಿ ನಾಲ್ಕು ಕಾಸು ಉಳಿಸಿದ್ದು ಈ ರೈಲು. ನನ್ನ ಬೋಗಿಯಲ್ಲಿ ಕಾಲೇಜು ಹುಡುಗಿಯರು, ಆಸ್ಪತ್ರೆಗೆ ಹೊರಟ ಅಜ್ಜಂದಿರು, ತರಕಾರಿ ಬುಟ್ಟಿಯವರು ಇರುತ್ತಾರೆ. ಇವರಲ್ಲಿ ವಿಮಾನ ಹತ್ತುವವರು ಯಾರೂ ಇಲ್ಲ.

ಒಂದು ಅಂಕ ಕಡಿದದ್ದು ಎರಡು ಕಾರಣಕ್ಕೆ. ಗಾಡಿಗಳು ಕಡಿಮೆ, ಒಂದು ತಪ್ಪಿದರೆ ದಿನದ ಲೆಕ್ಕವೇ ತಪ್ಪುತ್ತದೆ. ಇನ್ನೊಂದು, ಸ್ಟೇಷನ್ನಿನಿಂದ ಊರೊಳಗೆ ಆಟೋಗೆ ಕೊಡುವ ದುಡ್ಡು ರೈಲು ಟಿಕೆಟ್ಟಿಗಿಂತ ಜಾಸ್ತಿ. ಸಾವಿರಾರು ಕೋಟಿಯ ಕ್ರಿಯಾ ಯೋಜನೆ ಬರೆಯುವವರು ಈ ಕೊನೆಯ ಎರಡು ಮೂರು ಕಿಲೋಮೀಟರನ್ನು ಯಾಕೆ ಮರೆಯುತ್ತಾರೋ ಗೊತ್ತಿಲ್ಲ. ರೈಲಿನ ಹೊತ್ತಿಗೆ ಸರಿಯಾಗಿ ಪ್ರತಿ ಸ್ಟೇಷನ್ನಿಗೂ ಒಂದು ಬಸ್ ಬರಲಿ. ಬೆಳಗಿನ ಗಾಡಿಗೆ ಮಾಲಿನ ಬೋಗಿ ಒಂದನ್ನು ಸೇರಿಸಲಿ. ಕಮಲಾಪುರದ ಕೆಂಪು ಬಾಳೆ ಬೆಳೆದವರೂ ಟೆಂಪೋ ಬಾಡಿಗೆ ಉಳಿಸುತ್ತಾರೆ. ಹೊಸ ಹಳಿ ಹಾಕುವಷ್ಟು ಖರ್ಚೇನೂ ಇದಕ್ಕೆ ಬೇಡ. ಬಸ್ಸನ್ನು ಮೊದಲು ಹುಮನಾಬಾದಿನಿಂದಲೇ ಶುರು ಮಾಡಿ.