ಎನಾಮಲ್ ಲೇಪದ ಬೀಡುಕಬ್ಬಿಣದ ಪಾತ್ರೆ: ವೈನ್‌ನಲ್ಲಿ ಬೀಫ್ ಬೇಯಿಸಲು ಹೇಗಿದೆ?

ಅಮೆರಿಕದ ಯಹೂದಿ ಮನೆಗಳಲ್ಲಿ ಹೊಸ ವರ್ಷದ ರೋಶ್ ಹಶಾನಾಕ್ಕೂ ಪಾಸೋವರ್ ಹಬ್ಬಕ್ಕೂ ಬ್ರಿಸ್ಕೆಟ್, ಅಂದರೆ ದನದ ಎದೆಭಾಗದ ಇಡೀ ತುಂಡು, ಕೆಂಪು ವೈನ್‌ನಲ್ಲಿ ಗಂಟೆಗಟ್ಟಲೆ ಬೇಯುತ್ತದೆ. ಅದನ್ನು ಮಂಗಳೂರಿನ ಅಡುಗೆಮನೆಯಲ್ಲಿ ಮಾಡುವುದಾದರೆ ಎನಾಮಲ್ ಲೇಪದ 5 ಲೀಟರಿನ ಬೀಡುಕಬ್ಬಿಣದ ಪಾತ್ರೆಗೆ ದುಡ್ಡು ಹಾಕಬಹುದು. ಕುಕ್ಕರಿನಲ್ಲೂ ಮಾಂಸ ಮೆತ್ತಗಾಗುತ್ತದೆ ನಿಜ, ಆದರೆ ಆವಿ ಹೋಗದೆ ಗ್ರೇವಿ ನೀರಾಗಿಯೇ ಉಳಿಯುತ್ತದೆ.

ದೋಸೆ ಕಾವಲಿಯಂಥ ಬರೀ ಬೀಡು ಈ ಕೆಲಸಕ್ಕೆ ಆಗದು. ವೈನ್‌ನ ಹುಳಿ ಎಣ್ಣೆಯಲ್ಲಿ ಪಳಗಿದ ಪದರವನ್ನು ಕಿತ್ತು, ಗ್ರೇವಿಗೆ ಕಬ್ಬಿಣದ ರುಚಿ ಬಿಡುತ್ತದೆ. ಮಣ್ಣಿನ ಬಿಸಲೆಗೆ ಹುಳಿಯ ಭಯವಿಲ್ಲ (ಬಂಗುಡೆ ಪುಳಿಮುಂಚಿ ಆಗುವುದೇ ಅದರಲ್ಲಿ), ಆದರೆ ಮಾಂಸ ಕೆಂಪಗಾಗಿಸುವ ಒಣ ಕಾವಿಗೆ ಬಿರುಕು ಬಿಡಬಹುದು. ಎನಾಮಲ್ ಎರಡನ್ನೂ ತಾಳುತ್ತದೆ.

ಇನ್ನು ಮಾಂಸ. ರಾಜ್ಯದ 2020ರ ಕಾಯ್ದೆಯಂತೆ ಇಲ್ಲಿ ಕಡಿಯಬಹುದಾದದ್ದು 13 ವರ್ಷ ದಾಟಿದ ಎಮ್ಮೆ, ಕೋಣ ಮಾತ್ರ. ಕೊಬ್ಬು ಕಡಿಮೆ, ಪ್ರಾಯ ಏರಿದಷ್ಟೂ ಕೊಲಾಜನ್, ಅಂದರೆ ಮಾಂಸವನ್ನು ಹಿಡಿದಿಡುವ ನಾರು, ಬಿಗಿ. ಹಾಗಾಗಿ ಹೊರದೇಶದ ರೆಸಿಪಿ ಮೂರೂವರೆ ಗಂಟೆ ಎಂದರೆ ನಾಲ್ಕೂವರೆ ಎಂದು ಓದಿಕೊಳ್ಳಿ. ಎದೆಭಾಗ ಇಡಿಯಾಗಿಯೇ ಬೇಕೆಂದು ಅಂಗಡಿಯಲ್ಲಿ ಮೊದಲೇ ಹೇಳಿಡಿ, ಇಲ್ಲದಿದ್ದರೆ ಸುಕ್ಕಕ್ಕೆಂದು ತುಂಡು ಮಾಡಿಯೇ ಕೊಡುತ್ತಾರೆ.

ಒಂದೂವರೆ ಕಿಲೋಗೆ ಮೂರು ಟೀ ಚಮಚ ಉಪ್ಪು ಸವರಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಚೆನ್ನಾಗಿ ಒರೆಸಿ. ಪಸೆ ಇದ್ದರೆ ಅದು ಕೆಂಪಗಾಗದೆ ಬೇಯತೊಡಗುತ್ತದೆ. ಮಧ್ಯಮ ಉರಿಯಲ್ಲಿ ಎಣ್ಣೆ ಕಾಯಿಸಿ, ಪ್ರತಿ ಮಗ್ಗುಲು ಆರು ನಿಮಿಷ. ಬೆಣ್ಣೆ, ತುಪ್ಪ ಬೇಡ: ಯಹೂದಿ ಕಟ್ಟಳೆಯಲ್ಲಿ ಮಾಂಸಕ್ಕೆ ಹಾಲಿನ ಪದಾರ್ಥ ಸೇರಬಾರದು. (ನಮ್ಮ ಘೀ ರೋಸ್ಟ್ ಅಲ್ಲಿ ಕನಸಿನಲ್ಲೂ ಇಲ್ಲ.) ಮಾಂಸ ಎತ್ತಿಟ್ಟು ನಾಲ್ಕು ನೀರುಳ್ಳಿ, ಎರಡು ಕ್ಯಾರೆಟ್, ಹತ್ತು ಎಸಳು ಬೆಳ್ಳುಳ್ಳಿ, ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್ ಬಾಡಿಸಿ. ಅರ್ಧ ಬಾಟಲಿ, ಅಂದರೆ 375 ಮಿಲಿ, ಸಿಹಿಯಿಲ್ಲದ ಕೆಂಪು ವೈನ್ ಹೊಯ್ದು ತಳ ಕೆರೆಯಿರಿ. ಅದು ಅರ್ಧಕ್ಕೆ ಇಂಗಲೇಬೇಕು, ಇಲ್ಲವಾದರೆ ಹಸಿ ವಾಸನೆ ಕೊನೆಯವರೆಗೂ ಹೋಗುವುದಿಲ್ಲ. ಗೋವಾ ಕಡೆಯ ಸಿಹಿ ಪೋರ್ಟ್ ವೈನ್ ಹಾಕಿದರೆ ಕ್ಯಾರೆಟ್ ಬಿಟ್ಟು ಒಂದು ಚಮಚ ವಿನೆಗರ್ ಸೇರಿಸಿ.

ಬಳಿಕ ಮಾಂಸ, 300 ಮಿಲಿ ನೀರು, ಎರಡು ಪಲಾವ್ ಎಲೆ. ದ್ರವ ತುಂಡಿನ ಅರ್ಧದವರೆಗಷ್ಟೇ. ಓವನ್ ಆದರೆ 150 ಡಿಗ್ರಿ. ಗ್ಯಾಸ್ ಆದರೆ ಸಣ್ಣ ಒಲೆ, ಸಿಮ್, ಪಾತ್ರೆಯಡಿ ಹಳೆ ತವಾ. ಭಾರದ ಮುಚ್ಚಳ ಆವಿಯ ಬಹುಪಾಲನ್ನು ಹನಿಯಾಗಿಸಿ ಮಾಂಸದ ಮೇಲೇ ಇಳಿಸುತ್ತದೆ, ಉಳಿದದ್ದು ಮೆಲ್ಲನೆ ಹೊರಹೋಗಿ ಗ್ರೇವಿ ಇಂಗುತ್ತದೆ. ಮೂರು ಗಂಟೆಗೆ ರಬ್ಬರಿನಂತಿದೆಯೆಂದು ಉರಿ ಏರಿಸುವವರೇ ಹೆಚ್ಚು. ಅದರಿಂದ ರಸ ಹೋಗಿ ಎಳೆಗಳು ಒಣಗುತ್ತವಷ್ಟೆ. ಮುಳ್ಳುಚಮಚ ಚುಚ್ಚಿ ತಿರುಗಿಸಿದರೆ ತಡೆಯಿಲ್ಲದೆ ತಿರುಗಬೇಕು. ರಾತ್ರಿ ಫ್ರಿಜ್‌ನಲ್ಲಿಟ್ಟು, ಮೇಲೆ ಹೆಪ್ಪುಗಟ್ಟಿದ ಕೊಬ್ಬು ತೆಗೆದು, ಎಳೆಗೆ ಅಡ್ಡಲಾಗಿ ಕೊಯ್ದು ಗ್ರೇವಿಯಲ್ಲೇ ಬಿಸಿ ಮಾಡಿ. ದಪ್ಪಗಾಗಲು ಮೈದಾ ಬೇಡ (ಪಾಸೋವರ್‌ಗೆ ಅದು ನಿಷಿದ್ಧ), ನೀರುಳ್ಳಿಯನ್ನೇ ಮಸೆಯಿರಿ. ಅತಿಥಿಗಳು ಕೋಷರ್, ಅಂದರೆ ಯಹೂದಿ ಆಹಾರದ ಕಟ್ಟಳೆ, ಪಾಲಿಸುವವರಾದರೆ ಮಾಂಸ, ವೈನ್, ಪಾತ್ರೆ ಮೂರೂ ಕೋಷರ್ ಇರಬೇಕು. ಊರಿನ ಬೀಫ್ ಸ್ಟಾಲಿನ ಮಾಂಸ ನಡೆಯದು.

ಪಾತ್ರೆಯ ದೋಷಗಳು? ಮುಚ್ಚಳ ಸೇರಿ ಸುಮಾರು ಐದು ಕಿಲೋ ಭಾರ, ತುಂಬಿದ ಮೇಲೆ ಒಂದು ಕೈಯಲ್ಲಿ ಎತ್ತಲಾಗದು. ಸ್ಟೀಲ್ ಸಟ್ಟುಗ ತಾಗಿದರೆ ಲೇಪ ಚಕ್ಕೆಯೇಳಬಹುದು, ಬಿಸಿಯಲ್ಲೇ ನಳ್ಳಿನೀರಿಗೆ ಹಿಡಿದರೆ ಸೀಳಬಹುದು. ಪ್ಲಾಸ್ಟಿಕ್ ಗುಬ್ಬಿಗಿಂತ (ಮುಚ್ಚಳದ ಹಿಡಿ) ಸ್ಟೀಲ್ ಗುಬ್ಬಿಯ ಮುಚ್ಚಳವೇ ಓವನ್‌ಗೆ ವಾಸಿ. ಕೊಳ್ಳುವ ಮೊದಲು ಗುಬ್ಬಿ ಸೇರಿಸಿ ಎತ್ತರ ಅಳೆಯಿರಿ, ಸಣ್ಣ ಓಟಿಜಿಯೊಳಗೆ (ಮೇಜಿನ ಮೇಲಿಡುವ ಕರೆಂಟ್ ಓವನ್) ಹೋಗುವುದಿಲ್ಲ. ಲೇಪ ತೆಳುವಾಗಿರುವ ಅಂಚು ಆಟಿಯ ಮಳೆಗೆ ತುಕ್ಕು ಹಿಡಿಯುತ್ತದೆ. ತೊಳೆದು ಒರೆಸಿ, ಅಂಚಿಗೆ ತೆಂಗಿನೆಣ್ಣೆ ಸವರಿ, ಮುಚ್ಚಳದ ನಡುವೆ ಬಟ್ಟೆ ತುಂಡು ಇಟ್ಟು ಎತ್ತಿಡಿ.